ತಾಲೀಮಿನ ಗೋಡೆಯ ಒಂದು ಸಾಲು

ಪೈಲ್ವಾನರು ಹುಮನಾಬಾದಿನ ನಮ್ಮ ಮನೆಗೆ ಮೊದಲ ಸಲ ಬಂದದ್ದು ಸಾಹಿತ್ಯಕ್ಕಲ್ಲ, ಎಮ್ಮೆಗೆ. ನನ್ನ ಯಜಮಾನರು ದನದ ಡಾಕ್ಟರ ಕೆಲಸದಿಂದ ರಿಟೈರ್ ಆಗಿ ಎರಡು ವರ್ಷವಾಗಿತ್ತು. ಊರಿನ ಎಮ್ಮೆಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು ಇದು. ಯಜಮಾನರು ಕೈ ತೊಳೆಯಲು ಒಳಗೆ ಹೋದಾಗ ಪೈಲ್ವಾನರು ವರಾಂಡದಲ್ಲಿ ನಿಂತು, ನನ್ನ ಕೈಯಲ್ಲಿದ್ದ ಪುಸ್ತಕದ ಕವರನ್ನು ನೋಡಿದರು. ಅವರ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿತ್ತು. ಪುಸ್ತಕ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು, ಮಾವು ಮೂಸಿ ನೋಡುವವರ ಹಾಗೆ. ಕವರಿನ ಮೇಲೆ ಇಬ್ಬರು ಚೀನೀ ಗಂಡಸರು ಕತ್ತಿ ಹಿಡಿದು ಗಾಳಿಯಲ್ಲಿ ಹಾರುತ್ತಿದ್ದರು.

"ಇದರಾಗ ಏನದರಿ, ಬಾಯಾರ?" ಎಂದರು. ನಾನು ಹಿಂದೆ ನಾಲ್ಕು ವರ್ಷ ಇಂಗ್ಲಿಷ್ ಟೀಚರಾಗಿದ್ದೆ. ಆ ತಪ್ಪಿಗೆ ಊರಿಗೆಲ್ಲ ಬಾಯಾರು.

"ಹೊಡೆದಾಟ ಅದ," ಎಂದೆ.

"ಇಡೀ ಪುಸ್ತಕ?"

"ನಡುವೆ ಒಂದು ಮದುವೆ ಬರ್ತದ."

"ಅದೂ ಅದೇ ಬಿಡ್ರಿ," ಎಂದು ಅವರು ವರಾಂಡದ ಮೆಟ್ಟಿಲ ಮೇಲೆ ಕೂತರು. "ಓದ್ರಿ, ಕೇಳೋಣ."

ಗೃಹಸ್ಥ ಹೆಂಗಸೊಬ್ಬಳಿಗೆ ಇಂಥ ಪುಸ್ತಕಗಳ ಹುಚ್ಚು ಹೇಗೆ ಹತ್ತಿತೆಂದು ಕೇಳಿದರೆ ನಾನು ಕಾನ್ವೆಂಟಿನ ಕಡೆ ಕೈ ತೋರಿಸುತ್ತೇನೆ. ನಾನು ಓದಿದ್ದು ಹೈದರಾಬಾದಿನಲ್ಲಿ, ಬೋರ್ಡರ್ ಆಗಿ. ಅಲ್ಲಿ ನಮಗೆ ನೀಡಲ್‌ವರ್ಕ್, ಎಲೊಕ್ಯೂಷನ್ ಮತ್ತು ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು. ಐರ್ಲೆಂಡಿನಿಂದ ಬಂದಿದ್ದ ಒಬ್ಬ ಮುದಿ ಸಿಸ್ಟರ್‌ಗೆ ಮಾತ್ರ ಬಾಕ್ಸಿಂಗ್ ಎಂದರೆ ಪ್ರಾಣ. ಅವರ ತಮ್ಮ ಅಲ್ಲಿಂದ ಕಳಿಸುತ್ತಿದ್ದ ಪತ್ರಿಕೆಗಳನ್ನು ಪ್ರೇಯರ್ ಬುಕ್ಕಿನ ಅಡಿಗೆ ಇಟ್ಟುಕೊಳ್ಳುತ್ತಿದ್ದರು. ಜ್ವರ ಬಂದು ಸಿಕ್ ರೂಮಿನಲ್ಲಿ ಮಲಗಿದ ಹುಡುಗಿಯರಿಗೆ ರೌಂಡ್ ಬೈ ರೌಂಡ್ ಓದಿ ಹೇಳುತ್ತಿದ್ದರು. ಆ ವರ್ಷಗಳಲ್ಲಿ ನನಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಮದುವೆಯಾಗಿ ಈ ಕಡೆ ಬಂದ ಮೇಲೂ ಹೈದರಾಬಾದಿಗೆ ಹೋದಾಗಲೆಲ್ಲ, ಭಾನುವಾರದ ಫುಟ್‌ಪಾತಿನಲ್ಲಿ ರಾಶಿ ಹಾಕಿರುವ ಹಳೇ ಪುಸ್ತಕಗಳಿಂದ ಹೊಡೆದಾಟದವನ್ನು ಮಾತ್ರ ಆರಿಸಿ ತರುತ್ತಿದ್ದೆ. ನನ್ನ ತಂಗಿ ಅಲ್ಲೇ ಸೀರೆ ಆರಿಸುತ್ತಿದ್ದಳು. ಬಸ್ಸಿನಲ್ಲಿ ಇಬ್ಬರೂ ಸಂತೋಷವಾಗಿ ವಾಪಸಾಗುತ್ತಿದ್ದೆವು.

ಪೈಲ್ವಾನರು ವಾರಕ್ಕೆರಡು ಸಲ ಬರತೊಡಗಿದರು. ನಾನು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಅರವತ್ತೈದು ದಾಟಿದ ಆಳು. ಕಿವಿಗಳೆರಡೂ ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಒಣ ಅಂಜೂರದ ಹಾಗಾಗಿದ್ದವು. ಆ ಕಿವಿಗಳಿಂದ ಅವರು ಕೇಳಿದಷ್ಟು ಗಮನವಿಟ್ಟು ಯಾವ ಕ್ಲಾಸೂ ನನ್ನನ್ನು ಕೇಳಿಲ್ಲ. ಅವರದು ಒಂದೇ ಪ್ರಶ್ನೆ, ಹೊಡೆದಾಡುವವರ ಕಾಲಿನದು. ಹೊಡೆದಾಟ ಒಳ್ಳೇ ರಂಗಿಗೆ ಬಂದಾಗ ಕೈ ಎತ್ತಿ ನಿಲ್ಲಿಸುತ್ತಿದ್ದರು.

"ಕಾಲ ಎಲ್ಲವ?"

"ಅದನ್ನ ಬರ್ದಿಲ್ಲ, ಪೈಲ್ವಾನ್ರ."

"ಕಾಲ ಬರೀಲಾರದ ಕುಸ್ತಿ ಹ್ಯಾಂಗ ಬರ್ದಾನ್ರಿ ಅವ?"

ಈ ಒಂದು ಪ್ರಶ್ನೆಯ ಮುಂದೆ ಜಗತ್ತಿನ ಸಾಹಿತ್ಯ ಒಂದೊಂದಾಗಿ ಮಕಾಡೆ ಬಿತ್ತು. ಚೀನಾದವರು ಬಿದಿರಿನ ತುದಿಯ ಮೇಲೆ ನಿಂತು ಕಾದುತ್ತಿದ್ದರು. "ನೆಲಾನೇ ಇಲ್ಲ, ಬಲ ಎಲ್ಲಿಂದ ಬರ್ತದ?" ಎಂದು ಅದನ್ನು ಬದಿಗಿಟ್ಟರು. ಇಂಗ್ಲೆಂಡಿನವನು ಬಾಕ್ಸಿಂಗ್ ನೋಡಲು ಬಂದವರ ಹ್ಯಾಟುಗಳನ್ನು ಎರಡು ಪುಟ ವರ್ಣಿಸಿದ್ದ. "ಇವ ಕುಸ್ತಿಗೆ ಬಂದಿಲ್ಲ, ಬೀಗರೂಟಕ್ಕ ಬಂದಾನ," ಎಂದರು. ನನ್ನ ಮಾವನವರ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಉರ್ದು ವೀರಕಥೆಯ ಪುಸ್ತಕದಲ್ಲಿ ಇಬ್ಬರು ಪೈಲ್ವಾನರು ಏಳು ಹಗಲು ಏಳು ರಾತ್ರಿ ಹಿಡಿದುಕೊಂಡೇ ಇದ್ದರು. ನಮ್ಮ ಪೈಲ್ವಾನರು ಬೆರಳಲ್ಲಿ ಏಳು ದಿನ ಎಣಿಸಿ, "ಉಚ್ಚಿಗಿ ಯಾವಾಗ ಹೋದರಿ?" ಎಂದರು. ಹೈವೇ ಪಕ್ಕದಲ್ಲಿ ಆಗಷ್ಟೇ ಕರಾಟೆ ಕ್ಲಾಸು ಶುರುವಾಗಿತ್ತು. ಅಲ್ಲಿಂದ ತರಿಸಿದ ಒಂದು ಮ್ಯಾನ್ಯುಯಲ್‌ನಲ್ಲಿ ಬರೀ ಹೆಜ್ಜೆ ಗುರುತುಗಳನ್ನು ಅಚ್ಚು ಹಾಕಿ ಒಂದು, ಎರಡು ಎಂದು ನಂಬರ್ ಕೊಟ್ಟಿದ್ದರು. ಈಗ ಗೆದ್ದೆ ಅಂದುಕೊಂಡೆ. ಅವರು ಆ ಗುರುತುಗಳ ಮೇಲೆ ಬೆರಳಾಡಿಸಿ, "ಕಾಲ ಅವ, ಮನುಷ್ಯಾನೇ ಇಲ್ಲ," ಎಂದರು.

ಜಪಾನಿನ ಒಂದು ಕಥೆ ಮಾತ್ರ ಪಾಸಾಯಿತು. ಅದರಲ್ಲಿ ಇಬ್ಬರು ಖಡ್ಗದವರು ಬೆಳಗಿನಿಂದ ಮಧ್ಯಾಹ್ನದವರೆಗೆ ಎದುರುಬದುರು ಸುಮ್ಮನೆ ನಿಲ್ಲುತ್ತಾರೆ. ಕೊನೆಗೆ ಒಬ್ಬನು ತನ್ನ ಹಿಂದಿನ ಕಾಲಿನ ಹಿಮ್ಮಡಿಯನ್ನು ಒಂದು ಅಂಗುಲ ಸರಿಸುತ್ತಾನೆ. ಇನ್ನೊಬ್ಬನು ನಮಸ್ಕಾರ ಮಾಡಿ ಮನೆಗೆ ಹೋಗುತ್ತಾನೆ. ಫ್ರಾಂಕ್‌ಲಿ, ನನಗೆ ಅದು ಬೋರಾಗಿತ್ತು. ಪೈಲ್ವಾನರ ಕಣ್ಣಲ್ಲಿ ನೀರಿತ್ತು. "ಇದನ್ನ ಬರ್ದಾವ ತಾನೂ ಆಡ್ಯಾನ್ರಿ," ಎಂದರು.

ಅವತ್ತೇ ಅವರು ತಮ್ಮ ವಿಷಯ ಬಾಯಿಬಿಟ್ಟದ್ದು.

"ನನ್ನ ಮ್ಯಾಲೂ ಒಂದು ಸಾಲು ಬರ್ದಾರ್ರಿ, ಬಾಯಾರ. ಕಲ್ಯಾಣದ ತಾಲೀಮಿನ ಗ್ವಾಡಿ ಮ್ಯಾಲ. ಅದು ಸುಳ್ಳ ಅದ."

ಬಸವಕಲ್ಯಾಣದಲ್ಲಿ ಅವರು ಬೆಳೆದ ತಾಲೀಮು, ಅಂದರೆ ಕುಸ್ತಿಯ ಗರಡಿಮನೆ, ಇತ್ತು. ಅದರ ಒಳಗೋಡೆಯ ಮೇಲೆ ಅಲ್ಲಿಯ ದೊಡ್ಡ ಕುಸ್ತಿಗಳನ್ನು ಒಂದೊಂದು ಸಾಲಿನಲ್ಲಿ ಬರೆಸುವ ಪದ್ಧತಿ. ಪ್ರತಿವರ್ಷ ನಾಗರಪಂಚಮಿಗೆ ಮುಂಚೆ ಪೇಂಟರು ಆ ಸಾಲುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ. ಸುಣ್ಣ ಬಳಿದ ಮೇಲೆ ಮತ್ತೆ ಗೋಡೆಗೆ ಏರಿಸುತ್ತಿದ್ದ. ಮೂವತ್ತೈದು ವರ್ಷಗಳಿಂದ ಪೈಲ್ವಾನರ ಹೆಸರು ಹೀಗೆ ಇಳಿದು ಏರುತ್ತ ಬಂದಿತ್ತು. ಹೆಸರಿನ ಮುಂದೆ, ಇಂಥವರಿಂದ ಚಿತ್. ಚಿತ್ ಎಂದರೆ ಎರಡೂ ಭುಜ ನೆಲಕ್ಕೆ ತಾಗಿ ಸೋತಂತೆ. ತಮ್ಮ ಎಡಭುಜ ತಾಗಿತ್ತು, ಬಲಭುಜ ತಾಗಿರಲಿಲ್ಲ ಎಂಬುದು ಪೈಲ್ವಾನರ ವಾದ. ತೀರ್ಪು ಕೊಡಬೇಕಾದ ಪಂಚರು ಆ ಗಳಿಗೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರಂತೆ.

ಗೆದ್ದವರು ಮಂಠಾಳ ಎಂಬ ಊರಿನ ಒಬ್ಬರು, ಎಲ್ಲರ ಬಾಯಲ್ಲಿ ಮಂಠಾಳದವರು. ಇಬ್ಬರೂ ಒಂದೇ ತಾಲೀಮಿನವರು; ಒಂದೇ ಕಲ್ಲಿನಲ್ಲಿ ಅರೆದ ಬಾದಾಮಿ ಕುಡಿದವರು. ಅವತ್ತಿನಿಂದ ಮಾತಿಲ್ಲ. ಈಗ ತಾಲೀಮಿನ ಯಜಮಾನರು, ಈ ಪಂಚಮಿಗೆ ಸುಣ್ಣದ ಬದಲು ಆಯಿಲ್ ಪೇಂಟ್ ಹೊಡೆಸುತ್ತೇವೆ, ಇನ್ನು ವರ್ಷವರ್ಷ ಬರೆಯುವ ತಾಪತ್ರಯವಿಲ್ಲ ಎಂದುಬಿಟ್ಟಿದ್ದರು. ಪೈಲ್ವಾನರಿಗೆ ಅನ್ನ ಸೇರದಾಯಿತು. ಸಾಲು ಬದಲಾಗಬೇಕಾದರೆ ಎದುರಾಳಿಯ ಸಹಿ ತನ್ನಿ ಎಂದು ಆ ತಾಲೀಮಿನ ಯಜಮಾನರೇ ಹೇಳಿದ್ದರು. ಪಂಚಮಿಗೆ ಎರಡು ತಿಂಗಳಿತ್ತು.

"ನೀವ ಬರ್ದು ಕೊಡ್ರಿ," ಎಂದರು. "ಅವ ಓದಿ ಸಹಿ ಮಾಡಂಗ ಬರೀರಿ."

ನಾನು ಮೂರು ದಿನ ಕೂತು ಬರೆದೆ. ಇಳಿಬಿಸಿಲು, ಕೆಂಪು ಧೂಳು, ಹಲಗೆ ವಾದ್ಯದ ಸದ್ದು, ಜನರ ಉಸಿರು, ಎಲ್ಲ ಇತ್ತು. ಎಲೊಕ್ಯೂಷನ್ ಪ್ರೈಜ್ ಪಡೆದ ದನಿಯಲ್ಲಿ ಓದಿದೆ. ಪೈಲ್ವಾನರು ಪೂರ್ತಿ ಕೇಳಿದರು.

"ಚಂದ ಅದರಿ," ಎಂದರು. ಆಮೇಲೆ ಸಂಕೋಚದಿಂದ, "ಕಾಲ ಎಲ್ಲವ?"

ಮರುದಿನ ಅವರು ನನಗೆ ಹೇಳದೆ ಬಸವಕಲ್ಯಾಣದ ಬಸ್ಸು ಹತ್ತಿ, ಕಚೇರಿ ಎದುರಿನ ಬಾಂಡ್ ರೈಟರ್ ಹತ್ತಿರ ಹೋದರು. ಬಾಂಡ್ ಪೇಪರಿನ ಮೇಲೆ ಇರುವುದು ಸತ್ಯ, ಉಳಿದದ್ದೆಲ್ಲ ಮಾತು ಎಂಬ ನಂಬಿಕೆ ಇಲ್ಲಿಯ ಜನರದು. ಬಾಂಡ್ ರೈಟರ್ ಜನ್ಮದಲ್ಲಿ ಹೊಲದ ಖರೀದಿ ಪತ್ರ ಬಿಟ್ಟು ಬೇರೆ ಬರೆದವನಲ್ಲ. ಕುಸ್ತಿಯನ್ನೂ ಅದೇ ಅಚ್ಚಿನಲ್ಲಿ, ಹೊಲಕ್ಕೆ ನಾಲ್ಕು ದಿಕ್ಕಿನ ಗಡಿ ಬರೆದ ಹಾಗೆ ಹಾಕಿದ.

"ಸದರಿ ಕುಸ್ತಿಯ ಚಕ್ಕುಬಂದಿ. ಪೂರ್ವಕ್ಕೆ ಹನುಮಂತ ದೇವರ ಗೂಡು ಮತ್ತು ಅದಕ್ಕೆ ಹತ್ತಿ ನನ್ನ ಬಲಗಾಲಿನ ಹಿಮ್ಮಡಿ. ಪಶ್ಚಿಮಕ್ಕೆ ಎದುರಾಳಿಯ ಎಡ ಮೊಣಕಾಲು. ಉತ್ತರಕ್ಕೆ ನೀರಿನ ಹಂಡೆ, ಆ ದಿಕ್ಕಿಗೆ ನನ್ನ ಎಡಗಾಲು. ದಕ್ಷಿಣಕ್ಕೆ ಸದರಿ ಬಲಭುಜ ಇದ್ದು, ಅದು ನೆಲಕ್ಕೆ ತಗಲಿರುವುದಿಲ್ಲ, ಅದರ ಮೇಲೆ ಅನ್ಯರ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ."

ಓದಿ ನಾನು ನನ್ನ ಮೂರು ದಿನದ ಬರಹವನ್ನು ಮಡಚಿ ಒಳಗಿಟ್ಟೆ. ಚೀನಾ, ಇಂಗ್ಲೆಂಡು, ನಾನು, ಯಾರಿಗೂ ಆಗದ್ದನ್ನು ಒಬ್ಬ ಬಾಂಡ್ ರೈಟರ್ ಮರದ ಡೆಸ್ಕಿನ ಮೇಲೆ ಅರ್ಧ ಗಂಟೆಯಲ್ಲಿ ಮಾಡಿದ್ದ. ಯಾವ ಕಾಲು ಎಲ್ಲಿದೆ ಎಂದು ಯಾರು ಬೇಕಾದರೂ ಹೋಗಿ ಅಳೆಯಬಹುದಿತ್ತು.

ಮಂಠಾಳಕ್ಕೆ ಪತ್ರ ಒಯ್ದವರು ನಾನು ಮತ್ತು ಯಜಮಾನರು. ಪೈಲ್ವಾನರು ಬರಲಿಲ್ಲ, ಮೂವತ್ತೈದು ವರ್ಷ ಬಿಟ್ಟ ಮಾತನ್ನು ತಾವಾಗಿ ಆಡುವವರಲ್ಲ. ಬಸವಕಲ್ಯಾಣದಲ್ಲಿ ಬಸ್ಸಿಳಿದು, ಹನ್ನೊಂದು ಜನ ತುಂಬಿದ್ದ ಜೀಪಿನಲ್ಲಿ ಹನ್ನೆರಡನೆಯವಳಾಗಿ ಕೂತೆ. ಬೆನ್ನು ನೆಟ್ಟಗಿಡಲು ಜಾಗವಿರಲಿಲ್ಲ. ಮಂಠಾಳದವರು ಅಂಗಳದಲ್ಲಿ ಕೂತು ತೊಗರಿ ಆರಿಸುತ್ತಿದ್ದರು. ಅವರ ಕಿವಿಗಳೂ ಅಂಜೂರವೇ. ನಾನು ಬಂದ ಕಾರಣ ಹೇಳಿ ಬಾಂಡ್ ಪೇಪರ್ ತೆಗೆದದ್ದೇ ತಡ, ಒಳಗಿನಿಂದ ಅವರ ಹಿರಿಮಗ ಓಡಿ ಬಂದ.

"ಅಪ್ಪಾ, ಸಹಿ ಹಾಕಬ್ಯಾಡ! ಹೊಲ ಹೋಗ್ತದ!"

"ಹೊಲದ್ದಲ್ಲಪ್ಪ, ಭುಜದ್ದು," ಎಂದರು ನನ್ನ ಯಜಮಾನರು.

"ಯಾರ ಭುಜ?"

"ಹುಮನಾಬಾದದಾಗ ಇರ್ತಾರಲ್ಲ, ಅವರ್ದು."

ಮಗನಿಗೆ ಇನ್ನೂ ಸಂಶಯ ಹೆಚ್ಚಾಯಿತು. ಮಂಠಾಳದವರು ಅವನನ್ನು ಸುಮ್ಮನಿರಿಸಿ, "ಓದ್ರಿ, ಅಕ್ಕಾರ," ಎಂದು ಕಣ್ಣು ಮುಚ್ಚಿದರು. ಪೂರ್ವ ಆಯಿತು. ಪಶ್ಚಿಮಕ್ಕೆ ಬಂದಾಗ ಕೈ ಎತ್ತಿದರು. ಅದೇ ಎತ್ತುವ ರೀತಿ.

"ಅದು ತಪ್ಪರಿ. ಪಶ್ಚಿಮಕ್ಕ ನನ್ನ ಬಲ ಮೊಣಕಾಲು. ಎಡದ್ದು ಆ ವರ್ಷ ಬಾತಿತ್ತು, ಊರಿದ್ದೇ ಇಲ್ಲ."

"ಭುಜ?" ಎಂದೆ.

"ಮೊದಲ ಕಾಲ ಸರಿ ಆಗ್ಲಿ," ಎಂದು ತೊಗರಿಗೆ ತಿರುಗಿದರು. ಸಹಿ ಹಾಕಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಪೈಲ್ವಾನರಿಗೆ ಬಂದು ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಎಡ ಮೊಣಕಾಲನ್ನೇ ಸವರಿಕೊಂಡರು.

"ಹೌದರಿ," ಎಂದರು. "ಎಡ ಮೊಣಕಾಲು ಬಾತಿತ್ತು ಅವಂದು. ಹಿಂದಿನ ದಿನ ನಾನೇ ಎಣ್ಣಿ ತಿಕ್ಕಿದ್ದೆ. ಹ್ಯಾಂಗ ಮರ್ತೆ?"

ಎಂಟು ದಿನ ಬಿಟ್ಟು ಮಂಠಾಳದವರು ತಾವೇ ಬಂದಿಳಿದರು. ಬಸ್ಸಿನ ಟಾಪಿನ ಮೇಲಿಂದ ಎರಡು ಗೊಬ್ಬರದ ಚೀಲ ಇಳಿಸಿದರು. ಅದರಲ್ಲಿ ಕಲ್ಯಾಣದ ತಾಲೀಮಿನ ಕೆಂಪು ಮಣ್ಣು. "ಗಟ್ಟಿ ನೆಲದಾಗ ಭುಜ ತಿಳಿಯಂಗಿಲ್ಲ," ಎಂದು ನಮ್ಮ ಪೇರಲ ಗಿಡದ ಪಕ್ಕದಲ್ಲಿ ಅದನ್ನು ಸುರುವಿ, ಕೈಯಿಂದ ಮೆತ್ತಗೆ ಮಾಡಿದರು. ಪೈಲ್ವಾನರನ್ನು ಕರೆಸಲಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಅಂಗಿ ಬಿಚ್ಚಿ, ಧೋತರ ಕಚ್ಚೆ ಹಾಕಿ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಮಾತೆಲ್ಲ ನನ್ನ ಯಜಮಾನರ ಮೂಲಕ ನಡೆಯಿತು. ಅವರು ಇಬ್ಬರ ನಡುವೆ ಒಂದು ಗಜ ದೂರದಲ್ಲಿ ನಿಂತಿದ್ದರು.

"ಡಾಕ್ಟರ್ ಸಾಹೇಬ್ರ, ಅವ್ರಿಗ ಹೇಳ್ರಿ, ಬಲಗಾಲು ಇನ್ನೊಂದ್ ಗೇಣು ಪೂರ್ವಕ್ಕ."

"ಬಲಗಾಲು ಪೂರ್ವಕ್ಕಂತ."

"ಅವ್ರಿಗ ಹೇಳ್ರಿ, ನನಗ ಗೊತ್ತದಂತ."

ಮೂವತ್ತೈದು ವರ್ಷದ ಹಿಂದೆ ಬಿದ್ದ ಕುಸ್ತಿಯ ಪಟ್ಟು ಢಾಕ್. ಎದುರಾಳಿಯ ತೋಳನ್ನು ಕಂಕುಳಲ್ಲಿ ಸಿಕ್ಕಿಸಿ ಸೊಂಟದ ಮೇಲಿನಿಂದ ಎತ್ತಿ ಹಾಕುವುದು. ಈಗ ಎತ್ತುವ ಪ್ರಶ್ನೆ ಇರಲಿಲ್ಲ. ಮಳೆಗೆ ನೆನೆದ ಮಣ್ಣಿನ ಗೋಡೆ ಕುಸಿಯುವಷ್ಟು ನಿಧಾನಕ್ಕೆ, ಒಬ್ಬರನ್ನೊಬ್ಬರು ಬಿಡದೆ, ಇಬ್ಬರೂ ನೆಲಕ್ಕೆ ಬಂದರು. ಪೈಲ್ವಾನರು ಕೆಳಗೆ, ಮಂಠಾಳದವರು ಮೇಲೆ. ಕಾಲುಗಳು ತಿದ್ದಿದ ಚಕ್ಕುಬಂದಿಯ ಪ್ರಕಾರವೇ ಇದ್ದವು. ನಾನು ಪತ್ರ ಹಿಡಿದು ಚೆಕ್ ಮಾಡಿದೆ.

"ಬಾಯಾರ," ಎಂದರು ಪೈಲ್ವಾನರು ಕೆಳಗಿನಿಂದ, "ಬಲಭುಜದ ಕೆಳಗ ಕಾಗದ ಹಾಕ್ರಿ. ಹಾಯ್ತದೇನು ನೋಡ್ರಿ."

ಕೈಯಲ್ಲಿದ್ದದ್ದು ಬಾಂಡ್ ಪೇಪರ್. ಮಂಡಿಯೂರಿ ಅದನ್ನೇ ತೂರಿಸಿದೆ. ಸಲೀಸಾಗಿ ಹಾಯಿತು. ಇನ್ನೊಂದು ಕಡೆಯಿಂದ ಎಳೆದುಕೊಂಡೆ.

"ಹಾಯ್ತು," ಎಂದೆ.

"ಬರ್ಕೋರಿ!" ಎಂದರು ಪೈಲ್ವಾನರು. ಅವರ ಮುಖ ನೋಡಬೇಕಿತ್ತು.

ಆಗ ನನ್ನ ಯಜಮಾನರು, ಸುಮ್ಮನಿರಬಹುದಾಗಿದ್ದವರು, ಬಗ್ಗಿ ಆ ಭುಜವನ್ನು ಹಿಡಿದು ಎರಡು ಸಲ ತಿರುಗಿಸಿ ನೋಡಿದರು. ನಲವತ್ತು ವರ್ಷದ ಅಭ್ಯಾಸ.

"ಇದು ಜಾಮ್ ಆಗ್ಯಾದ," ಎಂದರು. "ವಯಸ್ಸಿಗಿ ಹಿಂಗಾಗ್ತದ. ಈಗ ಇದರ ಮ್ಯಾಲ ಬಂಡಿ ಹಾಯ್ಸಿದ್ರೂ ನೆಲಕ್ಕ ಹತ್ತಂಗಿಲ್ಲ. ಎತ್ತಿಂದಾಗಿದ್ರ ನೊಗಕ್ಕ ಹೂಡಬ್ಯಾಡ್ರಿ ಅಂತಿದ್ದೆ."

ಅಲ್ಲಿಗೆ ಕಾಗದದ ಸಾಕ್ಷಿ ಹೋಯಿತು. ಪೈಲ್ವಾನರು ಆಕಾಶ ನೋಡುತ್ತ ಮಲಗಿದ್ದರು. ಮೋತಿಬಿಂದಿನ ಕಣ್ಣಿಗೆ ಅಲ್ಲಿ ಏನು ಕಾಣುತ್ತಿತ್ತೋ. ಆಮೇಲೆ ಅವರು ಡಾಕ್ಟರ್ ಸಾಹೇಬರನ್ನು ನಡುವೆ ತರದೆ ಕೇಳಿದರು.

"ನೀ ಅವತ್ತ ಮ್ಯಾಲಿದ್ದಿ. ನೀ ನೋಡಿದಿ. ಹೇಳು."

"ನಾ ನೋಡಿಲ್ಲೋ," ಎಂದರು ಮಂಠಾಳದವರು. "ಈಗ ಇದ್ದಂಗೇ ನನ್ನ ಮಾರಿ ನಿನ್ನ ಎದಿ ಮ್ಯಾಲಿತ್ತು. ಕಣ್ಣಾಗ ಮಣ್ಣು. ಯಾರೋ ಕೈ ಹಿಡ್ದು ಎತ್ತಿದ್ರು, ನಾ ಎದ್ದೆ."

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲ. ಚಿತ್ ಆಗಿಲ್ಲ, ಚಿತ್ ಆಗಿಲ್ಲ ಅಂತ ಊರೆಲ್ಲ ಸಾರಿದಿ. ನೀ ಏನ ನೋಡಿದ್ಯಪ್ಪಾ ಅಂತ ನನ್ನ ಕಡಿ ಬಂದು ಒಂದಿನ ಕೇಳಿದ್ಯಾ?"

ಪೇರಲ ಗಿಡದಿಂದ ಒಂದು ಗಿಳಿ ಕಾಯಿ ಕಚ್ಚಿ ಕೆಡವಿತು.

"ಏಳು," ಎಂದರು ಪೈಲ್ವಾನರು. "ಉಸಿರು ಕಟ್ಟಾಕತ್ತದ."

"ಏಳಾಕ ಬರವಲ್ದು. ಮೊಣಕಾಲು."

"ಎಡದ್ದಾ?"

"ಈಗ ಎರಡೂ."

ಯಜಮಾನರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಎಬ್ಬಿಸಿದೆವು. ನನ್ನ ಸೀರೆಗೆ ಹತ್ತಿದ ಕೆಂಪು ಮಣ್ಣಿನ ಕಲೆ ಹೋಗಲಿಲ್ಲ. ಆ ಸೀರೆಯನ್ನು ನಾನು ಯಾರಿಗೂ ಕೊಡಲೂ ಇಲ್ಲ. ಇಬ್ಬರೂ ಬಚ್ಚಲ ಕಟ್ಟೆಯ ಮೇಲೆ ಕೂತು ಒಬ್ಬರ ಬೆನ್ನಿಗೊಬ್ಬರು ನೀರು ಹಾಕಿಕೊಂಡರು. ಊಟವಾದ ಮೇಲೆ ಮಂಠಾಳದವರು ಬಾಂಡ್ ಪೇಪರಿನ ಕೆಳಗೆ ನನ್ನ ಕೈಯಲ್ಲಿ ಒಂದು ಸಾಲು ಬರೆಸಿದರು: "ಸದರಿ ಬಲಭುಜವನ್ನು ನಾನು ನೋಡಿರುವುದಿಲ್ಲ." ಅದರ ಕೆಳಗೆ ಸಹಿ ಹಾಕಿದರು. ಮಗನಿಗೆ ತಿಳಿಸಬೇಡಿ ಎಂದರು.

ಪಂಚಮಿಗೆ ನಾಲ್ಕು ದಿನವಿರುವಾಗ ಎಲ್ಲರೂ ಬಸವಕಲ್ಯಾಣಕ್ಕೆ ಹೋದೆವು. ತಾಲೀಮಿನೊಳಗೆ ಹೆಂಗಸರು ಹೋಗುವಂತಿಲ್ಲ. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಆಲ್ಟರ್ ಹತ್ತಿರ ಹೋಗುವಂತಿಲ್ಲ ಎಂದಾಗಲೂ ನಾನು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದೆ; ಹಾಗೆ ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ತಾಲೀಮಿನ ಯಜಮಾನರು ಪತ್ರ ಓದಿಸಿಕೊಂಡು ಹೇಳಿದರು: "ನೋಡಿಲ್ಲ ಅಂದ್ರ ಬರಾಬರಿ ಅಂತ ಬರಿಸೋಣ. ಇಬ್ಬರಿಗೂ ಸಮಾಧಾನ."

ಪೈಲ್ವಾನರು ಮೂವತ್ತೈದು ವರ್ಷ ಕಾದದ್ದರಲ್ಲಿ ಅರ್ಧ ಅವರ ಅಂಗೈಗೆ ಬಂದಿತ್ತು.

"ಬರಾಬರಿ ಬ್ಯಾಡ್ರಿ," ಎಂದರು. "ಅದೂ ಸುಳ್ಳ. ಭುಜ ಹತ್ತಿತ್ತು, ಇಲ್ಲಾ ಹತ್ತಿದ್ದಿಲ್ಲ, ಎರಡರಾಗ ಒಂದ ಖರೆ. ಯಾವುದಂತ ನಮಗ ಗೊತ್ತಿಲ್ಲ."

"ಹಂಗಾದ್ರ ಏನ ಬರೀಲಿ?" ಇದು ಪೇಂಟರನ ದನಿ. ಬ್ರಷ್ ಒಣಗುತ್ತಿತ್ತೇನೋ.

"ಗೊತ್ತಿದ್ದದ್ದು ಬರಿ," ಎಂದರು ಮಂಠಾಳದವರು. "ಚಕ್ಕುಬಂದಿ ಬರಿ."

"ಗೆದ್ದವರು ಯಾರಂತ ಓದಿದವರು ಕೇಳ್ತಾರಲ್ರಿ?"

"ನಿಂದು ನೀ ನೋಡ್ಕೋ," ಎಂದರು ಮಂಠಾಳದವರೇ. "ಬಲ ಮೊಣಕಾಲು ಪಶ್ಚಿಮಕ್ಕ. ಎಡದ್ದು ಅಂತ ಬರ್ದೆ ಅಂದ್ರ ಮತ್ತ ಅಳಿಸ್ತೀನಿ."

ಆ ಸಾಲು ಬೇರೆ ಸಾಲುಗಳ ಎರಡರಷ್ಟು ಉದ್ದವಾಗಿ ಮೂಲೆ ತಿರುಗಿ ಪಕ್ಕದ ಗೋಡೆಗೂ ಹೋಗಿದೆಯಂತೆ. ಆ ವರ್ಷದ ದೀಪಾವಳಿಯಿಂದ ವರಾಂಡದ ಮೆಟ್ಟಿಲ ಮೇಲೆ ನಾಲ್ಕು ಅಂಜೂರದ ಕಿವಿಗಳಾದವು. ಮಂಠಾಳದವರಿಗೆ ಚೀನಾದವರು ಹಿಡಿಸಿದರು. ಬಿದಿರಿನ ಮೇಲೆ ನಿಲ್ಲಬಹುದು, ಬಿದಿರು ಎಂಥದೆಂದು ನೋಡಬೇಕು ಎಂದು ಅವರ ವಾದ. ಈ ವಿಷಯಕ್ಕೆ ಇಬ್ಬರೂ ಮತ್ತೆ ಒಂದು ತಿಂಗಳು ಮಾತು ಬಿಟ್ಟರು. ಆದರೆ ಆ ತಿಂಗಳೂ ಇಬ್ಬರೂ ತಪ್ಪದೆ ಬರುತ್ತಿದ್ದರು, ನನ್ನ ಮೂಲಕ ಜಗಳವಾಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಕೆಲವೇ ವರ್ಷಗಳಲ್ಲಿ ಮೊದಲು ಮಂಠಾಳದವರು, ಆರು ತಿಂಗಳಿಗೆ ಪೈಲ್ವಾನರು ತೀರಿಹೋದರು. ಅದಾದ ಮೇಲೆ ಒಂದು ಸಲ ಕಲ್ಯಾಣಕ್ಕೆ ಹೋದಾಗ ನಾನು ಯಜಮಾನರನ್ನು ತಾಲೀಮಿನೊಳಗೆ ಕಳಿಸಿ ಕಟ್ಟೆಯ ಮೇಲೆ ಕೂತೆ. ಅವರು ಒಳಗಿನಿಂದ ಗಟ್ಟಿಯಾಗಿ ಓದಿದರು. ಪೂರ್ವಕ್ಕೆ ಹನುಮಂತ ದೇವರ ಗೂಡು. ಪಶ್ಚಿಮಕ್ಕೆ ಬಲ ಮೊಣಕಾಲು. ಉತ್ತರಕ್ಕೆ ಎಡಗಾಲು. ದಕ್ಷಿಣವೇ ಇಲ್ಲ. ಬಣ್ಣ ಹೋಗಿಲ್ಲವಾ ಎಂದು ಕೇಳಿದೆ. ಇಲ್ಲ, ಆಯಿಲ್ ಪೇಂಟ್ ಅಲ್ಲವಾ ಎಂದರು.

ನಾನು ಓದಿದ ಕಾದಾಟದ ಸಾಹಿತ್ಯದಲ್ಲೆಲ್ಲ ಅದೇ ಶ್ರೇಷ್ಠ ಎಂದು ನನ್ನ ಅಭಿಪ್ರಾಯ. ಆದರೆ ಪತ್ರದಲ್ಲಿ ಬರೆಯುವ ಹಾಗೆ ಪ್ರಾಮಾಣಿಕವಾಗಿ ಹೇಳಬೇಕಾದರೆ, ಸದರಿ ಸಾಲನ್ನು ನಾನು ನೋಡಿರುವುದಿಲ್ಲ.